ಕುವಳಾಲದಿಂದ ಕೋಲಾಹಲಕ್ಕೆ: ಸ್ಥಳಪುರಾಣದಲ್ಲಿ ಉಳಿದ ಧ್ವನಿಚರಿತ್ರೆ

ಸ್ಥಳನಾಮಗಳ ಅಧ್ಯಯನದಲ್ಲಿ ಸ್ಥಳಪುರಾಣಕ್ಕೆ ಸಲ್ಲುತ್ತಿರುವ ಮರ್ಯಾದೆ ವಿಚಿತ್ರವಾದುದು. ಸಂಶೋಧಕರು ಅದನ್ನು ಲೇಖನದ ಮೊದಲ ಪುಟದಲ್ಲಿ ಉಲ್ಲೇಖಿಸುತ್ತಾರೆ, ಎರಡನೆಯ ಪುಟದಲ್ಲಿ ‘ಜನಪದ ವ್ಯುತ್ಪತ್ತಿ’ ಎಂದು ಕರೆದು ಬದಿಗಿರಿಸುತ್ತಾರೆ, ಮತ್ತೆ ಅದರತ್ತ ತಿರುಗಿ ನೋಡುವುದಿಲ್ಲ. ಹೆಸರಿನ ಮೂಲವನ್ನು ಐತಿಹ್ಯವು ಸರಿಯಾಗಿ ಹೇಳುತ್ತದೆಯೇ ಎಂಬ ಒಂದೇ ಪ್ರಶ್ನೆಯನ್ನು ಕೇಳಿದರೆ ಇದಕ್ಕಿಂತ ಬೇರೆ ಫಲ ದೊರೆಯಲಾರದು; ಬಹುಪಾಲು ಐತಿಹ್ಯಗಳು ಆ ಪರೀಕ್ಷೆಯಲ್ಲಿ ಸೋಲುತ್ತವೆ. ಆದರೆ ಇನ್ನೊಂದು ಪ್ರಶ್ನೆ ಸಾಧ್ಯ. ಈ ಕಥೆಯನ್ನು ಮೊದಲು ಕಟ್ಟಿದವರ ಕಿವಿಗೆ ಆ ಹೆಸರು ಹೇಗೆ ಕೇಳಿಸುತ್ತಿತ್ತು? ಕಥೆ ಹೆಸರಿನ ಮೂಲವನ್ನು ತಿಳಿಯದೆ ಇರಬಹುದು, ಆದರೆ ತಾನು ಹುಟ್ಟಿದ ಕಾಲದ ಉಚ್ಚಾರಣೆಯನ್ನು ಅದು ತಿಳಿದೇ ಇರಬೇಕು. ಪ್ರಸ್ತುತ ಲೇಖನ ಈ ಎರಡನೆಯ ಪ್ರಶ್ನೆಯನ್ನು ಕೋಲಾರ ಸೀಮೆಯ ಕೆಲವು ಹೆಸರುಗಳಿಗೆ, ಮುಖ್ಯವಾಗಿ ಕೋಲಾರಕ್ಕೇ, ಕೇಳುತ್ತದೆ.

ಈ ವಿಧಾನ ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು ಮೊದಲು ದಾಖಲೆಗಳ ಬೆಳಕಿರುವ ಒಂದು ಹೆಸರಿನಲ್ಲಿ ನೋಡಬಹುದು. ಬಂಗಾರಪೇಟೆಗೆ ಆ ಹೆಸರೇಕೆ ಬಂತೆಂದು ಆ ಭಾಗದಲ್ಲಿ ಯಾರನ್ನಾದರೂ ಕೇಳಿದರೆ, ಚಿನ್ನದ ಗಣಿಯ ಮಗ್ಗುಲಲ್ಲಿರುವ ಪೇಟೆಯಲ್ಲವೇ ಎಂಬ ಉತ್ತರ ಸಹಜವಾಗಿ ಬರುತ್ತದೆ. ದಾಖಲೆಗಳು ಹೇಳುವುದು ಬೇರೆ. ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗ 1864ರಲ್ಲಿ ತೆರೆಯಿತು; ಆ ನಿಲ್ದಾಣದ ಸುತ್ತ ಬೆಳೆದ ಪೇಟೆಗೆ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರು ಬಂತು. 1908ರ ಇಂಪೀರಿಯಲ್ ಗೆಜೆಟಿಯರ್‌ನಲ್ಲಿಯೂ ಅದು ಬೌರಿಂಗ್‌ಪೇಟೆಯೇ. ಲವೆಲ್ ಎಂಬ ಐರಿಷ್ ಸೈನಿಕ ಚಿನ್ನ ಹುಡುಕಲು ಅನುಮತಿ ಪಡೆದದ್ದು 1873ರಲ್ಲಿ, ಅಂದರೆ ಬೌರಿಂಗ್ ಅಧಿಕಾರ ಬಿಟ್ಟು ಹೋದ ಮೇಲೆ. ಊರಿಗಾಂ ಗಣಿ ಕಂಪನಿ ಹುಟ್ಟಿದ್ದು 1880ರಲ್ಲಿ. ಹಾಗಾಗಿ ‘ಬಂಗಾರ’ ಎಂಬ ವಿವರಣೆಗೆ ಬೇಕಾದ ಲೋಕಸ್ಥಿತಿ ಹೆಸರಿಗಿಂತ ಕಿರಿಯದು.

ಧ್ವನಿಯ ದೃಷ್ಟಿಯಿಂದ ಇಲ್ಲಿ ನಡೆದಿರುವುದು ಅಚ್ಚುಕಟ್ಟಾದ ಮರುಜೋಡಣೆ. ‘ಬೌರಿಂಗ್’ನಲ್ಲಿ ಬ್, ರ್, ಅನುನಾಸಿಕ, ಗ್ ಇವೆ; ‘ಬಂಗಾರ’ದಲ್ಲಿಯೂ ಇರುವುದು ಅವೇ ವ್ಯಂಜನಗಳು, ರೇಫದ ಸ್ಥಾನ ಮಾತ್ರ ಬೇರೆ. ಅರ್ಥವಿಲ್ಲದ ಪರಕೀಯ ನಾಮಕ್ಕೆ, ಅದೇ ವ್ಯಂಜನಗಳನ್ನು ಉಳಿಸಿಕೊಂಡು, ಎದುರಿಗೇ ಇದ್ದ ಅರ್ಥವೊಂದನ್ನು ಜನ ತೊಡಿಸಿದರು. ಈ ಉದಾಹರಣೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಐತಿಹ್ಯ ಹೆಸರಿನ ಬೆನ್ನಿಗೆ ಬರುತ್ತದೆಯೇ ಹೊರತು ಅದರ ಮುಂದೆ ಹೋಗುವುದಿಲ್ಲ. ಮತ್ತು ಅದು ಬರುವಾಗ ಚಾಲ್ತಿಯಲ್ಲಿದ್ದ ಧ್ವನಿಗಳನ್ನು ಬಹುಮಟ್ಟಿಗೆ ಕೆಡಿಸದೆ ಎತ್ತಿಕೊಳ್ಳುತ್ತದೆ. ಬೌರಿಂಗ್‌ಪೇಟೆಯ ದಾಖಲೆಗಳೆಲ್ಲ ನಾಶವಾಗಿದ್ದರೂ, ‘ಬಂಗಾರ’ದ ಕಥೆಯಿಂದ ಮೂಲದ ವ್ಯಂಜನಗಳನ್ನು ಹೆಚ್ಚು ಕಡಿಮೆ ಊಹಿಸಬಹುದಾಗಿತ್ತು.

ಈಗ ಕೋಲಾರಕ್ಕೆ ಬರೋಣ. ಊರಿಗೆ ಅಂಟಿಕೊಂಡಿರುವ ಬೆಟ್ಟಸಾಲಿಗೆ ಶತಶೃಂಗವೆಂದು ಹೆಸರು. ಅಂತರಗಂಗೆಯ ಚಿಲುಮೆ ಇರುವುದು ಅಲ್ಲಿಯೇ. ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿರುವ ಮತ್ತು ಇಂದಿಗೂ ಜನ ಹೇಳುವ ಕಥೆಯ ತಿರುಳು ಇಷ್ಟು. ಜಮದಗ್ನಿಯೂ ರೇಣುಕೆಯೂ ಈ ಬೆಟ್ಟದಲ್ಲಿ ವಾಸವಾಗಿದ್ದರು. ಅವರ ಬಳಿಯಿದ್ದ ಸುರಭಿಯನ್ನು ಕಾರ್ತವೀರ್ಯಾರ್ಜುನ ಬಯಸಿದ; ಆ ಬಯಕೆಯಿಂದ ಜಮದಗ್ನಿಯ ಕೊಲೆಯಾಯಿತು, ರೇಣುಕೆ ಬೆಂಕಿಗೆ ಬಿದ್ದಳು, ಪರಶುರಾಮ ಕ್ಷತ್ರಿಯಕುಲವನ್ನೇ ಅಳಿಸುವ ಪಣ ತೊಟ್ಟ. ಆ ಯುದ್ಧದ ಕೋಲಾಹಲದಿಂದ ಊರು ಕೋಲಾಹಲಪುರವಾಯಿತು, ಕೋಲಾಹಲವೇ ಕೋಲಾರವಾಯಿತು. ಊರ ದೇವತೆ ಕೋಲಾರಮ್ಮನನ್ನು ರೇಣುಕೆಯೆಂದೇ ಭಾವಿಸುವವರು ಬಹಳ.

ಗಂಗರ ಶಾಸನಗಳಲ್ಲಿ ಊರಿನ ಹೆಸರು ಕೋಲಾಹಲವಲ್ಲ. ‘ಕುವಳಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳ ಜೋಡಿ ಗಂಗ ಅರಸರ ಪ್ರಶಸ್ತಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊದಲ ಪದ ಕೆಲವೆಡೆ ‘ಕೊವಳಾಲ’ ಎಂದೂ ಇದೆ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಅವರು ಈ ಬಿರುದನ್ನು ಬಿಡಲಿಲ್ಲ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಈ ಸೀಮೆ ನಿಗರಿಲಿಚೋಳಮಂಡಲದ ಕುವಳಾಲನಾಡು. ಈ ಎಲ್ಲ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟದಲ್ಲಿ (1905) ರೈಸ್ ಅವರೇ ಒಟ್ಟುಗೂಡಿಸಿದರು. ಒಂದೇ ವಿದ್ವಾಂಸನ ಒಂದು ಗ್ರಂಥದಲ್ಲಿ ಕಥೆಯೂ ಇನ್ನೊಂದು ಗ್ರಂಥದಲ್ಲಿ ಶಾಸನರೂಪವೂ ದೊರೆಯುತ್ತಿದ್ದು, ಆ ಎರಡನ್ನೂ ಎದುರುಬದುರು ನಿಲ್ಲಿಸಿ ನೋಡುವುದೇ ನಮಗೆ ಉಳಿದಿರುವ ಕೆಲಸ.

ಕುವಳಾಲ ಮತ್ತು ಕೊವಳಾಲಗಳ ನಡುವಿನ ಉಕಾರ–ಒಕಾರ ವ್ಯತ್ಯಾಸ ದ್ರಾವಿಡ ಭಾಷಾವಿಜ್ಞಾನದಲ್ಲಿ ಚೆನ್ನಾಗಿ ಬಲ್ಲ ಸಂಗತಿ. ಮುಂದಿನ ಅಕ್ಷರದಲ್ಲಿ ಅಕಾರವಿದ್ದಾಗ ತಮಿಳು ಉಕಾರವನ್ನೂ ಕನ್ನಡ ಒಕಾರವನ್ನೂ ತೋರಿಸುತ್ತವೆ: ತಮಿಳಿನ ಕುಡೈ, ಉಡಲ್, ಮುಲೈ, ಕನ್ನಡದ ಕೊಡೆ, ಒಡಲ್, ಮೊಲೆ. ಹಾಗಾದರೆ ಕೊವಳಾಲವನ್ನು ಕನ್ನಡದ ನಾಲಿಗೆಯ ರೂಪವೆಂದೂ, ಕುವಳಾಲವನ್ನು ಬಿರುದಿನ ಹಾಗೂ ತಮಿಳು ಬರವಣಿಗೆಯ ರೂಪವೆಂದೂ ತಿಳಿಯಬಹುದು. ಮುಂದಿನ ಹೆಜ್ಜೆ ಸ್ವರಮಧ್ಯದ ವಕಾರದ ಲೋಪ ಮತ್ತು ಸ್ವರಗಳ ಸಂಕೋಚ. ತವರು ತೌರಾದ ಹಾಗೆ, ‘ಕೊವಳಾಲ’ದ ಮೊದಲೆರಡು ಅಕ್ಷರಗಳು ಒಂದಾಗಿ ‘ಕೋಳಾಲ’ ಎಂಬ ರೂಪ ಸಿದ್ಧವಾಗುತ್ತದೆ. ಇಲ್ಲಿ ಮುಖ್ಯವಾದುದು ಈ ಸಂಕೋಚದಿಂದ ಹುಟ್ಟಿದ ದೀರ್ಘ ಓಕಾರ.

ಸಂಸ್ಕೃತದ ಓಕಾರ ಯಾವಾಗಲೂ ದೀರ್ಘ. ‘ಕೋಲಾಹಲ’ ಎಂಬ ಪದವನ್ನು ಊರಿನ ಹೆಸರಿಗೆ ಹೊಂದಿಸಬೇಕಾದರೆ, ಹೊಂದಿಸುವವನ ಕಿವಿಗೆ ಆ ಹೆಸರಿನ ಮೊದಲ ಅಕ್ಷರ ‘ಕೋ’ ಎಂದೇ ಬೀಳಬೇಕು. ಕುವಳಾಲ, ಕೊವಳಾಲಗಳನ್ನು ಕೇಳಿದವನಿಗೆ ಕೋಲಾಹಲ ನೆನಪಾಗಲು ಕಾರಣವಿಲ್ಲ. ವಕಾರ ಅಡ್ಡ ನಿಂತಿರುತ್ತದೆ. ಎಂದರೆ ಕೋಲಾಹಲದ ಕಥೆ ವಕಾರ ಲೋಪವಾದ ಮೇಲಷ್ಟೇ ಹುಟ್ಟಲು ಸಾಧ್ಯ. ಹಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿಯುತ್ತದೆ. ಮಹಾರಾಯ ಮಾರಾಯನಾಗುವ, ಮಹಾನವಮಿ ಮಾರ್ನವಮಿಯಾಗುವ ಭಾಷೆಯಲ್ಲಿ, ‘ಕೋಳಾಲ’ವನ್ನು ಕೇಳಿದ ಪಂಡಿತನೊಬ್ಬ ‘ಇಲ್ಲಿಯೂ ಒಂದು ಹಕಾರ ಬಿದ್ದುಹೋಗಿದೆ’ ಎಂದು ಭಾವಿಸಿ ಅದನ್ನು ಹಿಂದಕ್ಕೆ ತಂದಿರಬೇಕು. ತನ್ನ ದೃಷ್ಟಿಯಲ್ಲಿ ಅವನು ತಿದ್ದುಪಡಿ ಮಾಡುತ್ತಿದ್ದನೇ ಹೊರತು ಕಥೆ ಹೆಣೆಯುತ್ತಿರಲಿಲ್ಲ.

ಇದಕ್ಕೆ ಕಾಲವನ್ನು ಸೂಚಿಸಬಲ್ಲ ಸಾಕ್ಷ್ಯ ಕೋಲಾರದಲ್ಲಿಲ್ಲ, ಕಳಿಂಗದಲ್ಲಿದೆ. ಪೂರ್ವಗಂಗ ದೊರೆ ಅನಂತವರ್ಮ ಚೋಡಗಂಗನ ಶಕ 1040ರ (ಕ್ರಿ. ಶ. 1118–19) ವಿಶಾಖಪಟ್ಟಣದ ತಾಮ್ರಶಾಸನವು ಗಂಗವಂಶದ ಆದಿಕಥೆಯನ್ನು ವಿಸ್ತಾರವಾಗಿ ಹೇಳುತ್ತದೆ. ಅದರ ಪ್ರಕಾರ ಕೋಲಾಹಲನೆಂಬ ಪೂರ್ವಜನೊಬ್ಬ ಗಂಗವಾಡಿಯಲ್ಲಿ ಕೋಲಾಹಲಪುರವನ್ನು ಕಟ್ಟಿಸಿದ; ಅವನ ವಂಶದವರು ಅಲ್ಲಿ ಆಳಿದರು; ಕಡೆಗೆ ಕಾಮಾರ್ಣವನೆಂಬುವನು ತಮ್ಮಂದಿರೊಡನೆ ಹೊರಟು ಮಹೇಂದ್ರಗಿರಿಗೆ ಬಂದು ಕಳಿಂಗವನ್ನು ಗೆದ್ದ. ಇಲ್ಲಿ ಪರಶುರಾಮನಿಲ್ಲ, ಸುರಭಿಯಿಲ್ಲ, ಯುದ್ಧದ ಗದ್ದಲವೂ ಇಲ್ಲ. ಇರುವುದು ಊರಿನ ಹೆಸರಿನಿಂದ ಕಡೆದು ತೆಗೆದ ಒಬ್ಬ ಅರಸ. (ಪುರಾಣಗಳಲ್ಲಿ ಮಹೇಂದ್ರಗಿರಿ ಪರಶುರಾಮನ ತಪೋಭೂಮಿ ಎಂಬುದನ್ನು ಓದುಗರು ಗಮನಿಸಿರಬಹುದು. ಆಸೆ ಹುಟ್ಟಿಸುವ ಎಳೆಯೇ ಸರಿ, ಆದರೆ ಅದರ ಮೇಲೆ ನಾನು ಏನನ್ನೂ ಕಟ್ಟುವುದಿಲ್ಲ.)

ಒಂದೇ ರೂಪಕ್ಕೆ ಎರಡು ಪರಸ್ಪರ ಸಂಬಂಧವಿಲ್ಲದ ಕಥೆಗಳಿವೆ. ಇದನ್ನು ಸಾಮಾನ್ಯವಾಗಿ ಐತಿಹ್ಯದ ದೌರ್ಬಲ್ಯವೆಂದು ಓದುತ್ತಾರೆ: ಕಥೆಗಳೇ ಒಂದನ್ನೊಂದು ಅಲ್ಲಗಳೆಯುತ್ತಿರುವಾಗ ಯಾವುದನ್ನು ನಂಬುವುದು? ಭಾಷಾವಿಜ್ಞಾನಿಗೆ ಇದೇ ಬಲವಾದ ಸಾಕ್ಷ್ಯ. ಕಥೆಗಳು ಬೇರೆ ಬೇರೆಯಾಗಿದ್ದು ಧ್ವನಿರೂಪ ಮಾತ್ರ ಒಂದೇ ಆಗಿದ್ದರೆ, ಆ ರೂಪ ಎರಡೂ ಕಥೆಗಳಿಗಿಂತ ಮೊದಲೇ ಬಳಕೆಯಲ್ಲಿತ್ತು ಎಂದಾಗುತ್ತದೆ. 12ನೆಯ ಶತಮಾನದ ಆರಂಭದ ವೇಳೆಗೆ, ಕೋಲಾರದಿಂದ ನೂರಾರು ಮೈಲಿ ದೂರದ ಆಸ್ಥಾನಕ್ಕೂ ಈ ಊರಿನ ಹೆಸರು ವಕಾರವಿಲ್ಲದೆ, ದೀರ್ಘ ಓಕಾರದೊಡನೆ ತಲುಪಿತ್ತು. ಲಿಪಿಯಲ್ಲಿ ಕುವಳಾಲವೆಂದು ಬರೆಯುತ್ತಿದ್ದ ಕಾಲದಲ್ಲಿಯೇ ಬಾಯಿಯಲ್ಲಿ ಅದು ಕೋಳಾಲವಾಗಿತ್ತು ಎಂಬುದು ನನ್ನ ವಾದ.

ಬರಹದ ಹಠಮಾರಿತನಕ್ಕೆ ಒಂದು ಸೊಗಸಾದ ನಿದರ್ಶನ ತಮಿಳಿನಲ್ಲಿದೆ. ಪವಣಂದಿ ಮುನಿಯ ವ್ಯಾಕರಣ ‘ನನ್ನೂಲ್’ಗೆ ಆಶ್ರಯದಾತನಾದ ಸೀಯಗಂಗ ಅಮರಾಭರಣನು ಮೂರನೆಯ ಕುಲೋತ್ತುಂಗನ ಕಾಲದವನು, ಕಳಿಂಗದ ತಾಮ್ರಶಾಸನಕ್ಕಿಂತ ಸುಮಾರು ಎರಡು ಮೂರು ತಲೆಮಾರು ಈಚಿನವನು. ಅವನ ಬಿರುದು ಇನ್ನೂ ಕುವಳಾಲಪುರಪರಮೇಶ್ವರ. ಊರು ಕೈಬಿಟ್ಟು ಹೋಗಿದ್ದರೂ, ಊರಿನವರ ಬಾಯಿಯಲ್ಲಿ ಹೆಸರು ಬದಲಾಗಿದ್ದರೂ ಬಿರುದು ಹಳೆಯ ಕಾಗುಣಿತವನ್ನೇ ಹೊತ್ತು ನಡೆಯಿತು. ಶಾಸನದ ರೂಪವೇ ಆ ಕಾಲದ ಮಾತಿನ ರೂಪ ಎಂದು ನಂಬಿ ಧ್ವನಿವ್ಯತ್ಯಾಸಗಳಿಗೆ ತೇದಿ ಹಾಕುವವರು ಇಂಥ ಕಡೆ ಎಡವುತ್ತಾರೆ. ಪ್ರಶಸ್ತಿಯ ಬಿರುದಿಗಿಂತ ಕಥೆಯೇ ಮಾತಿಗೆ ಹತ್ತಿರವಾದ ಸಾಕ್ಷಿ.

ಇದಕ್ಕೆ ಎದುರಾಗಿ, ಮೂಲರೂಪ ಕೋಲಾಹಲವೇ ಆಗಿದ್ದು ಕುವಳಾಲವೇ ಅದರ ಅಪಭ್ರಂಶವಾಗಿರಬಾರದೇಕೆ ಎಂದು ಕೇಳಬಹುದು. ಕಾಲಕ್ರಮ ಇದಕ್ಕೆ ಒಪ್ಪುವುದಿಲ್ಲ. ವಕಾರವುಳ್ಳ ರೂಪಗಳೇ ಹಳೆಯವು. ಧ್ವನಿಕ್ರಮವೂ ಒಪ್ಪುವುದಿಲ್ಲ. ‘ಕೋಲಾಹಲ’ದಿಂದ ಹೊರಟರೆ ಮೊದಲ ಅಕ್ಷರದ ಬಳಿ ವಕಾರ ಹುಟ್ಟಲು ಯಾವ ಪರಿಸರವೂ ಇಲ್ಲ. ದಾರಿ ಒಂದೇ ದಿಕ್ಕಿನದು. ಹಾಗೆಂದು ಕಥೆ ಎಲ್ಲವನ್ನೂ ಹೇಳಿಬಿಡುತ್ತದೆ ಎಂದೇನೂ ಅಲ್ಲ. ಳಕಾರದ ವಿಷಯದಲ್ಲಿ ಅದು ಮೂಕ, ಏಕೆಂದರೆ ಸಂಸ್ಕೃತದ ಉಡುಪು ತೊಟ್ಟ ಕೂಡಲೇ ಳ–ಲ ಭೇದ ಅಳಿಸಿಹೋಗುತ್ತದೆ. ಹೆಸರಿನ ಮೂಲಾರ್ಥದ ವಿಷಯದಲ್ಲಿಯೂ ಮೂಕ. ಕುವಳಾಲದಲ್ಲಿ ನೈದಿಲೆಯ ‘ಕುವಳೈ’ಯನ್ನು ಕಾಣುವ ಮೋಹ ನಮ್ಮಂಥವರಿಗೆ ಉಂಟು, ಆದರೆ ಅದೂ ಅಡಿಟಿಪ್ಪಣಿಯ ವೇಷ ತೊಟ್ಟ ಇನ್ನೊಂದು ಸ್ಥಳಪುರಾಣವಾಗುವ ಅಪಾಯವಿದೆ.

ಕೊನೆಯ ಹೆಜ್ಜೆ ರೇಫದ್ದು. ಕೋಳಾಲದಲ್ಲಿ ಎರಡು ಪಾರ್ಶ್ವಿಕ ಧ್ವನಿಗಳು ಹತ್ತಿರ ಹತ್ತಿರವಿವೆ. ಅವುಗಳಲ್ಲಿ ಒಂದು ಬದಲಾಗುವ ವಿಷಮೀಕರಣ ಲೋಕದ ಭಾಷೆಗಳಲ್ಲೆಲ್ಲ ಕಾಣುವಂಥದು. ಸಂಸ್ಕೃತದ ಲಲಾಟ ಪಾಲಿಯಲ್ಲಿ ನಲಾಟ, ಲಾಂಗಲ ನಂಗಲ. ಲ್ಯಾಟಿನ್ನಿನ ‘ಪೆರೆಗ್ರಿನುಸ್’ನಲ್ಲಿದ್ದ ಎರಡು ರೇಫಗಳಲ್ಲಿ ಒಂದು ಲಕಾರವಾಗಿ ಇಟಾಲಿಯನ್ನಿನ ‘ಪೆಲ್ಲೆಗ್ರಿನೊ’ ಹುಟ್ಟಿತು, ಯಾತ್ರಿಕ ಎಂಬ ಅರ್ಥದಲ್ಲಿ. ಕೋಳಾಲ ಕೋಲಾರವಾದದ್ದು ಇದೇ ಬಗೆಯಲ್ಲಿ. ಈ ಹೆಜ್ಜೆಗೂ ಕಥೆ ಸಾಕ್ಷಿ ನುಡಿಯುತ್ತದೆ, ಆದರೆ ಇಲ್ಲಿ ಮೇಲಿನ ಗಡಿಯಾಗಿ: ರೇಫಾಂತ ರೂಪ ಮಾತ್ರ ಕೇಳುತ್ತಿದ್ದ ಕಾಲದಲ್ಲಿ ಲಕಾರಾಂತ ‘ಕೋಲಾಹಲ’ ಯಾರಿಗೂ ಹೊಳೆಯುತ್ತಿರಲಿಲ್ಲ. ಆದ್ದರಿಂದ ಕಥೆಯ ಹುಟ್ಟನ್ನು ವಕಾರಲೋಪದ ನಂತರ, ವಿಷಮೀಕರಣದ ಮೊದಲು ಇಡಬೇಕಾಗುತ್ತದೆ. ಶಾಸನಗಳು ಮೌನವಾಗಿರುವ ಅಂತರವನ್ನು ಕಥೆಯೊಂದು ಹೀಗೆ ತುಂಬಿಕೊಡುತ್ತದೆ.

ಕೋಲಾರಮ್ಮನ ಹೆಸರು ರೇಫಾಂತ ಕಾಲದ್ದು. ಆಕೆಯ ಗುಡಿಯಲ್ಲಿರುವ ಚೋಳರ ಕಾಲದ ತಮಿಳು ಶಾಸನಗಳಲ್ಲಿ ದೇವಿ ‘ಪಿಡಾರಿ’. ಈ ಪದವನ್ನು ಸಂಸ್ಕೃತದ ಭಟಾರಿಕೆಗೆ ಸಂಬಂಧಿಸುವುದು ರೂಢಿ. ಊರಿನ ಹೆಸರು ಕೋಲಾರವಾದ ಮೇಲೆ ದೇವತೆ ಕೋಲಾರಮ್ಮನಾದಳು. ಈಗ ಕೋಲಾರಮ್ಮನಿಂದಲೇ ಕೋಲಾರವಾಯಿತು ಎನ್ನುವವರೂ ಇದ್ದಾರೆ. ಊರಿನಿಂದ ದೇವತೆಗೆ ಹೋದ ಹೆಸರು ದೇವತೆಯಿಂದ ಊರಿಗೆ ಮರಳಿ ಬಂದಂತೆ ಕಾಣುವುದು ಭಕ್ತಿಯ ಕಣ್ಣಿಗೆ ಸಹಜ. ಗುಡಿಯ ಚೇಳಮ್ಮನ ಹೆಸರಿಗೆ ಇಂಥ ತಿರುವು ಇಲ್ಲ: ಚೇಳು ಕಣ್ಣೆದುರೇ ಇದೆ.

ಸುತ್ತಲಿನ ಇತರ ಕ್ಷೇತ್ರಗಳಲ್ಲಿ ಬೇರೆ ಬಗೆಯ ಕೆಲಸ ನಡೆದಿದೆ. ಬೂದಿಕೋಟೆ ಸಂಸ್ಕೃತದಲ್ಲಿ ವಿಭೂತಿಪುರವಾಯಿತು. ಅಲ್ಲಿ ಧ್ವನಿ ಹೊಂದಿಸುವ ಗೋಜೇ ಇಲ್ಲ, ಬರಿಯ ಅನುವಾದ. ಮುಳಬಾಗಿಲು ತಾಲ್ಲೂಕಿನ ಆವಣಿಯನ್ನು ಪುರಾಣವು ಅವಂತಿಕಾಕ್ಷೇತ್ರವೆನ್ನುತ್ತದೆ. ವಾಲ್ಮೀಕಿಯ ಆಶ್ರಮ, ಲವಕುಶರ ಜನನ, ಬೆಟ್ಟದ ಮೇಲಿನ ಸೀತೆಯ ಗುಡಿ ಎಲ್ಲವೂ ಅಲ್ಲಿಗೆ ಸೇರಿವೆ; ‘ಅವನಿ’ ಎಂದರೆ ಭೂಮಿ, ಸೀತೆ ಭೂಮಿಜಾತೆ ಎಂಬ ವಿವರಣೆಯೂ ಉಂಟು. 10ನೆಯ ಶತಮಾನದ ನೊಳಂಬರ ಕಾಲದ ಶಾಸನಗಳಲ್ಲಿ ಆ ಸ್ಥಾನದ ಹೆಸರು ‘ಆವನ್ಯ’. ಅಲ್ಲಿ 40 ವರ್ಷ ಅಧಿಪತಿಯಾಗಿದ್ದು 961ರಲ್ಲಿ ತೀರಿಕೊಂಡ ತ್ರಿಭುವನಕರ್ತಾರ ದೇವನೆಂಬ ತಪಸ್ವಿ ಅನೇಕ ದೇಗುಲಗಳನ್ನೂ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಅವನಿಯಲ್ಲಿಯೂ ಅವಂತಿಕೆಯಲ್ಲಿಯೂ ಆದಿಸ್ವರ ಹ್ರಸ್ವ. ಊರಿನ ಹೆಸರಿನಲ್ಲಿ ದೀರ್ಘ. ಕೋಲಾಹಲವನ್ನು ಹೊಂದಿಸಿದವರು ಸ್ವರದ ಅಳತೆಯನ್ನು ಕಾಪಾಡಿದರು, ಆವಣಿಯವರು ಕಾಪಾಡಲಿಲ್ಲ. ಹೀಗಾಗಿ ಆವಣಿಯ ಕಥೆಯನ್ನು ಕಿವಿಯ ಕಥೆ ಎನ್ನುವುದಕ್ಕಿಂತ ಓಲೆಗರಿಯ ಕಥೆ ಎನ್ನಲು ನನಗೆ ಮನಸ್ಸಾಗುತ್ತದೆ. ಸೀತೆಯ ಗುಡಿ ಮೊದಲು ಬಂತು, ಹೆಸರಿನ ವಿವರಣೆ ಅದನ್ನು ಹಿಂಬಾಲಿಸಿತು.

ಕುರುಡುಮಲೆಯದು ಇನ್ನೂ ಕುತೂಹಲಕರ. ತ್ರಿಪುರಾಸುರನ ಸಂಹಾರಕ್ಕೆ ಮುನ್ನ ಬ್ರಹ್ಮ, ವಿಷ್ಣು, ಮಹೇಶ್ವರರು ಇಲ್ಲಿ ಕೂಡಿ ಗಣಪತಿಯನ್ನು ಪ್ರತಿಷ್ಠಿಸಿದರು, ಆದ್ದರಿಂದ ಇದು ಕೂಡುಮಲೆ, ಸಂಸ್ಕೃತದಲ್ಲಿ ಕೂಟಾದ್ರಿ ಎನ್ನುತ್ತಾರೆ. ‘ಕೂಡು’ವಿನ ನಡುವೆ ‘ರು’ ಎಂಬ ಅಕ್ಷರ ನುಸುಳಿ, ಸ್ವರವೂ ಹ್ರಸ್ವವಾಗಿ ‘ಕುರುಡು’ ಆಗುವುದಕ್ಕೆ ಕನ್ನಡದಲ್ಲಿ ಮಾದರಿಯಿಲ್ಲ. ಇಲ್ಲಿ ಕಥೆಯನ್ನು ನಡೆಸುತ್ತಿರುವುದು ಧ್ವನಿಯಲ್ಲ, ಅಶುಭದ ಅಂಜಿಕೆ. ಹದಿಮೂರು ಅಡಿ ಎತ್ತರದ ಗಣಪತಿಯನ್ನು ನೋಡಲು ಹೊರಟವರ ಬಾಯಲ್ಲಿ ಕುರುಡು ಎಂಬ ಮಾತು ಬರಬಾರದು. ಕೇಡನ್ನು ಸೂಚಿಸುವ ಹೆಸರನ್ನು ಮಂಗಳಕರವಾಗಿ ಬಿಡಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಅಸಲಿಗೆ ಅಲ್ಲಿ ಕುರುಡು ಇತ್ತೇ ಎಂಬುದಕ್ಕೂ ಒಂದು ಸರಳ ಪರೀಕ್ಷೆಯಿದೆ. ಅಂಧತ್ವದ ಕುರುಡಿನಲ್ಲಿ ಇರುವುದು ರಕಾರ, ಚಿಕ್ಕದು ಎಂಬರ್ಥದ ಕುಱುವಿನಲ್ಲಿ ಶಕಟರೇಫ. ರ–ಱ ಭೇದವನ್ನು ಪಾಲಿಸುವ ಶಾಸನರೂಪವೇ ಈ ಹೆಸರಿಗೆ ತೀರ್ಪುಗಾರ. ಇಂದಿನ ಕಾಗುಣಿತದಿಂದ ಅದನ್ನು ನಿರ್ಣಯಿಸಲಾಗದು.

ಕಥೆಗಳು ಹುಟ್ಟುವ ಕಾಲ ಮುಗಿದಿಲ್ಲ. ಚಿನ್ನದ ಗಣಿಗೆ ಸಮೀಪದ ಕಮ್ಮಸಂದ್ರದಲ್ಲಿ ಮೊದಲ ಲಿಂಗದ ಪ್ರತಿಷ್ಠೆಯಾದದ್ದು 1980ರಲ್ಲಿ. ಇಂದು ಅಲ್ಲಿ 108 ಅಡಿಯ ಲಿಂಗವಿದೆ, ಸುತ್ತ ಲೆಕ್ಕವಿಲ್ಲದಷ್ಟು ಲಿಂಗಗಳಿವೆ, ಗೌತಮನ ಶಾಪವನ್ನು ಕಳೆದುಕೊಳ್ಳಲು ಇಂದ್ರನೇ ಅಲ್ಲಿ ಲಿಂಗವನ್ನು ಸ್ಥಾಪಿಸಿದನೆಂಬ ಕಥೆಯೂ ಇದೆ. ಯಾತ್ರಿಕರು ಹೋಗುವುದು ಕೋಟಿಲಿಂಗಕ್ಕೆ, ಕಮ್ಮಸಂದ್ರಕ್ಕಲ್ಲ. ಹೊಸ ಹೆಸರು ಹಳೆಯದನ್ನು ಹೇಗೆ ಪಕ್ಕಕ್ಕೆ ಸರಿಸುತ್ತದೆ ಎಂಬುದನ್ನು ಹುಡುಕಲು ತಾಮ್ರಪಟ ಬೇಕಿಲ್ಲ. ಕ್ಷೇತ್ರಕಾರ್ಯ ಮಾಡುವ ಸಂಶೋಧನಾರ್ಥಿಗಳಿಗೆ ಅದು ಇಂದೇ ನಡೆಯುತ್ತಿರುವ ಪ್ರಕ್ರಿಯೆ.

ಹೆಸರುಗಳನ್ನು ‘ಸರಿಪಡಿಸುವ’ ಉತ್ಸಾಹ ನಮ್ಮಲ್ಲಿ ಬೆಳೆಯುತ್ತಿರುವುದರಿಂದ ಇದಕ್ಕೆ ಈಗ ತುರ್ತು ಬಂದಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಲಾಯಿತು. ಅದು ಮಾತಿನಲ್ಲಿ ಜೀವಂತವಾಗಿದ್ದ ರೂಪಗಳನ್ನು ಎತ್ತಿಹಿಡಿದ ಕೆಲಸ. ಆದರೆ ಕೂಡುಮಲೆ, ಅವಂತಿಕೆ, ಕೋಲಾಹಲಪುರ ಎಂಬ ವಿವರಣೆಗಳನ್ನೇ ನಾಮಫಲಕದ ರೂಪವಾಗಿಸುವ ಬೇಡಿಕೆ ಬೇರೆ ಜಾತಿಯದು. ಕಥೆಯೂ ಹೆಸರೂ ಬೇರೆ ಬೇರೆಯಾಗಿ ಉಳಿದಿರುವವರೆಗೆ ಅವುಗಳ ನಡುವಿನ ಬಿರುಕಿನಲ್ಲಿ ಧ್ವನಿಚರಿತ್ರೆಯನ್ನು ಓದಬಹುದು. ಕಥೆಯೇ ಹೆಸರಾಗಿಬಿಟ್ಟರೆ ಆ ಬಿರುಕು ಮುಚ್ಚಿಹೋಗುತ್ತದೆ. ಕನ್ನಡ, ತೆಲುಗು, ತಮಿಳುಗಳು ಒಂದರ ಮೇಲೊಂದು ಪದರವಾಗಿ ಕುಳಿತಿರುವ ಈ ಸೀಮೆಯಲ್ಲಿ ಆ ನಷ್ಟ ಒಂದು ಭಾಷೆಯದಷ್ಟೇ ಅಲ್ಲ.

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಗಣಿಯ ರೈಲುದಾರಿಯಲ್ಲಿಯೇ ಇದನ್ನು ನೋಡಬಹುದು. ಕೊನೆಯ ನಿಲ್ದಾಣದ ಹೆಸರಿನಲ್ಲಿ ಮಾರಿ ನೇರವಾಗಿಯೇ ಇದ್ದಾಳೆ, ಜೊತೆಗೆ ತಮಿಳು–ತೆಲುಗುಗಳ ಕುಪ್ಪ. ಕಥೆಯ ಅಗತ್ಯ ಬಿದ್ದಿಲ್ಲ. ನಡುವಿನ ಊರಿಗಾಂಗೆ ಪುರಾಣವೇ ಇಲ್ಲ. ಊರು, ಗಾಂ ಎಂಬೆರಡೂ ಹಳ್ಳಿಯೆಂದೇ ಹೇಳುವಂತಿರುವ ಹೆಸರಿಗೆ ದೇವತೆಗಳು ಬಂದು ಅರ್ಥ ಕೊಡಬೇಕಾಗಿ ಬರಲಿಲ್ಲ. ಇಂಗ್ಲೆಂಡಿನ ಪೆಂಡಲ್ ಹಿಲ್ ಎಂಬ ಹೆಸರಿನಲ್ಲಿ ಮೂರು ಭಾಷಾಪದರಗಳು ಬೆಟ್ಟ, ಬೆಟ್ಟ, ಬೆಟ್ಟ ಎನ್ನುವ ಹಾಗೆ ಇಲ್ಲಿಯೂ ಎರಡು ಪದರಗಳು ಒಂದೇ ಮಾತನ್ನು ಹೇಳುತ್ತಿರಬಹುದು. ಗಮನ ಸೆಳೆಯುವುದು ನಡುವಿನ ಇಕಾರ. ಕನ್ನಡದಲ್ಲಿ ಊರಿನ ಷಷ್ಠೀರೂಪ ‘ಊರ’: ಊರ ಹೆಸರು. ತೆಲುಗಿನಲ್ಲಿ ಅದು ‘ಊರಿ’: ಊರಿ ಪೇರು. ಗಣಿ ಕಂಪನಿಯ ಆಂಗ್ಲರು ತಮಗೆ ಕೇಳಿಸಿದ ಹಾಗೆ ‘ಊರೆಗಂ’ ಎಂಬಂತೆ ಬರೆದುಕೊಂಡರೂ ಆ ಸ್ಥಾನದಲ್ಲಿ ಉಕಾರವನ್ನು ತರಲಿಲ್ಲ, ನಮ್ಮ ಬಾಯಿಯೂ ತಂದಿಲ್ಲ. ಗಣಿಗಳು 2001ರಲ್ಲಿ ಮುಚ್ಚಿದವು. ನಿಲ್ದಾಣದ ಹೆಸರು ಉಳಿದಿದೆ. ಅದನ್ನು ಯಾರಾದರೂ ಸದುದ್ದೇಶದಿಂದ ‘ಊರುಗ್ರಾಮ’ ಎಂದು ತಿದ್ದಿದರೆ ಮೊದಲು ಕಳೆದುಹೋಗುವುದು ಆ ಇಕಾರ.